ಎಡಗಾಲಿನ ಪಟ್ಟಿ

ಆ ರಿಗ್ಗನ್ನು ನಾನು ಮೊದಲು ನೋಡಿದ್ದು ಕುಂದಲಹಳ್ಳಿಯ ಅಪಾರ್ಟ್‌ಮೆಂಟ್ ಒಂದರ ಮೂರನೆಯ ಮಹಡಿಯಲ್ಲಿ, ಊಟದ ಮೇಜಿನ ಮೇಲೆ. ಪಕ್ಕದಲ್ಲೊಂದು ತಟ್ಟೆ ಚುರುಮುರಿ ಇತ್ತು. ಬರೆಯುತ್ತಿರುವಾಗಲೇ ಅನುಮಾನ: ಚುರುಮುರಿ ಇದ್ದದ್ದು ಕೊಳ್ಳಲು ಹೋದ ದಿನವೋ, ವಾಪಸ್ ಕೊಡಲು ಹೋದ ದಿನವೋ? ದಿನಚರಿಯಲ್ಲಿರುವುದು ಒಂದೇ ಸಾಲು: “ರಿಗ್ ನೋಡಿದೆ. ಚೆನ್ನಾಗಿದೆ.”

ವಿಮಾನದಿಂದ ಹಾರುವವರು ಬೆನ್ನಿಗೆ ಕಟ್ಟಿಕೊಳ್ಳುವ ಚೀಲ, ಅದರೊಳಗಿನ ಎರಡು ಪ್ಯಾರಾಚೂಟುಗಳು, ಎದೆಗೂ ತೊಡೆಗಳಿಗೂ ಬಿಗಿಯುವ ನೈಲಾನ್ ಪಟ್ಟಿಗಳು, ಇಷ್ಟೂ ಸೇರಿದರೆ ರಿಗ್. ರಜೆ ಹಾಕಿ ಥಾಯ್ಲೆಂಡಿಗೆ ಹೋಗಿ ಕಲಿತು ಬಂದ ನನಗೆ ಆಗ ಮೂವತ್ತು ಚಿಲ್ಲರೆ ಜಿಗಿತಗಳ ಅನುಭವ ಅಷ್ಟೇ. ಮೊದಲ ರಿಗ್ಗನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಿ, ಕೊಳ್ಳುವಾಗ ತಿಳಿದವರನ್ನು ಕರೆದುಕೊಂಡು ಹೋಗಿ ಎಂದು ಎಲ್ಲರೂ ಹೇಳಿದ್ದರು. ನಾನು ಒಬ್ಬಳೇ ಹೋದೆ. ನನಗೆ ಗೊತ್ತಿದ್ದ ಇಬ್ಬರು ಅನುಭವಸ್ಥರೂ ಮಾರುವವನ ಗೆಳೆಯರೇ. ಅವರನ್ನು ಕರೆದೊಯ್ದರೆ ಅವನನ್ನು ಅನುಮಾನಿಸಿದಂತಾಗುತ್ತದೆ ಎಂದು ಸಂಕೋಚಪಟ್ಟೆ.

ಮಾರುವವನು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಮ್ಯಾನೇಜರ್. ಮಂಡಿ ನೋವಿನಿಂದ ಹಾರುವುದನ್ನು ಬಿಟ್ಟಿದ್ದ. ಪರಿಣತರು ತಪಾಸಣೆ ಮಾಡಿ ಸಹಿ ಹಾಕಿದ್ದ ಕಾರ್ಡು ತೋರಿಸಿದ. ಚೀಲದ ಹೆಗಲ ಬಳಿ ಗಾಳಿಪಟದ ಕಸೂತಿ, ಅದರ ಪಕ್ಕ ಮೂರು ಬೆರಳಿನ ವಿಭೂತಿ, ಕುಂಕುಮದ ಬೊಟ್ಟು. ಎಡತೊಡೆಯ ಪಟ್ಟಿಯ ಮೇಲೂ ಒಂದು ಬೊಟ್ಟಿತ್ತು, ಸ್ವಲ್ಪ ಹರಡಿಕೊಂಡು.

“ಆಯುಧ ಪೂಜೆದು ಕಣ್ರೀ. ನಮ್ಮವ್ವ ಮನೇಲಿರೋ ಮಿಕ್ಸಿನೂ ಬಿಡಲ್ಲ,” ಎಂದು ನಕ್ಕ.

ಒಳಗಿನಿಂದ ಅವನ ತಾಯಿ ಬಂದರು. ಹಾವೇರಿ ಕಡೆಯವರು, ಹಣೆತುಂಬ ವಿಭೂತಿ. “ಊರಿಂದ ತರಿಸಿದ್ದವ್ವ, ಅರಿಶಿಣದ ಕುಂಕುಮ. ಪ್ಯಾಟಿಯಾಗಿಂದಲ್ಲ,” ಎಂದರು.

ಹೆಗಲ ಬಳಿಯ ಬೊಟ್ಟು ಕೆಂಪಗಿತ್ತು, ತೊಡೆಪಟ್ಟಿಯದು ಹಳದಿಯಾಗಿತ್ತು. ಅರಿಶಿನ ಒಂದು ಕಡೆ, ಕುಂಕುಮ ಒಂದು ಕಡೆ ಹಚ್ಚಿದ್ದಾರೆ ಎಂದುಕೊಂಡೆ. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದೆ, ಆ ಕೆಂಪಿಗೆ ಆಮ್ಲ ಬಿದ್ದರೆ ಮತ್ತೆ ಹಳದಿಯಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ನಾನು ಓದಿರುವುದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಆ ದಿನ ಹಳದಿಯನ್ನು ನಿಜವಾಗಿ ಕಂಡಿದ್ದೆನೇ, ಇಲ್ಲ ಆಮೇಲೆ ಬಳಿದುಕೊಂಡ ಬಣ್ಣವೇ ಎಂದು ಅಲ್ಲಿ ಫೋನಿನಲ್ಲಿ ತೆಗೆದಿದ್ದ ಫೋಟೊ ತೆರೆದು ನೋಡುತ್ತೇನೆ. ಅವರ ಮನೆಯ ಬಲ್ಬಿನ ಬೆಳಕಿನಲ್ಲಿ ಎಲ್ಲವೂ ಹಳದಿ.

ಹಣ ಕೊಟ್ಟು ರಿಗ್ ತಂದೆ. ಮನೆಯಲ್ಲಿ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತಾಗ ತೊಡೆಪಟ್ಟಿಗಳು ಕೊನೆಯವರೆಗೆ ಎಳೆದರೂ ಸಡಿಲ. ಅದನ್ನು ಸರಿಮಾಡಬಲ್ಲ ಪರಿಣತರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಕಳಿಸಿದರೆ ತಿಂಗಳುಗಟ್ಟಲೆ ಕಾಯಬೇಕು, ನನ್ನ ಮುಂದಿನ ಪ್ರಯಾಣಕ್ಕೆ ಇನ್ನು ಎರಡೇ ವಾರ. ನಮ್ಮ ಕಂಪನಿಯ ಗೋದಾಮಿಗೆ ಭಾರ ಎತ್ತುವ ಬೆಲ್ಟುಗಳನ್ನು ಹೊಲಿದುಕೊಡುವವರೊಬ್ಬರು ಪೀಣ್ಯದಲ್ಲಿದ್ದರು. ಟನ್ನುಗಟ್ಟಲೆ ಕಬ್ಬಿಣ ಎತ್ತುವ ಹೊಲಿಗೆ ನನ್ನನ್ನು ಎತ್ತಲಾರದೇ ಎಂದು ಲೆಕ್ಕ ಹಾಕಿದೆ. ಹಾರುವವರು ಯಾರೂ ಮಾಡಬಾರದ ಕೆಲಸ ಅದು. ಯಾರಿಗೂ ಹೇಳದೆ ಹೋದೆ.

ಅವರದು ಒಂದೇ ಕೋಣೆಯ ಶೆಡ್ಡು. ರಾಜಗೋಪಾಲನಗರದಿಂದ ದಿನವೂ ನಡೆದೇ ಬರುವ, ಅರವತ್ತು ದಾಟಿದ ಮನುಷ್ಯ. ಬಾಗಿಲ ಪಕ್ಕದ ಮೊಳೆಗೆ ಅರ್ಧಕ್ಕೆ ಕತ್ತರಿಸಿದ ಹಳೆಯ ಬೆಲ್ಟುಗಳು ತೂಗುತ್ತಿದ್ದವು.

“ಏನ್ ಮೇಡಂ ಇದು?”

“ವಿಮಾನದಿಂದ ಹಾರೋದಕ್ಕೆ.”

“ಯಾಕೆ, ಇಳಿಯಕ್ಕೆ ಮೆಟ್ಲು ಇರಾಕಿಲ್ವಾ ಅದ್ರಲ್ಲಿ?”

ನಕ್ಕೆವು. ಪಟ್ಟಿಯನ್ನು ಕೈಗೆ ತೆಗೆದುಕೊಂಡ ಮೇಲೆ ಅವರು ನಗಲಿಲ್ಲ. ಹಳದಿ ಕಲೆಯ ಜಾಗವನ್ನು ಮಡಿಸಿದರು, ಹೆಬ್ಬೆರಳ ಉಗುರಿನಿಂದ ಕೆರೆದರು. ಎಳೆಗಳು ಪುಡಿಯಾಗಿ ಅವರ ಅಂಗೈಗೆ ಉದುರಿದವು.

“ಬ್ಯಾಟ್ರಿ ನೀರು ಬಿದ್ದದೆ. ಇದು ಸತ್ತೋಗದೆ ಮೇಡಂ. ಪಕ್ಕದ ಪ್ಲೇಟಿಂಗ್ ಶೆಡ್ನಲ್ಲಿ ಇಂಗೇ ಒಂದು ಬೆಲ್ಟು, ಆಸಿಡ್ ತೊಟ್ಟಿ ಮೇಲೆ ಆಡುಸ್ತಿದ್ರು. ನೋಡಕ್ಕೆ ಸಕ್ಕತ್ತಾಗಿತ್ತು. ಒಂದಿನ ಕಿತ್ಕೊಂಡು ಕೆಳಗಿದ್ದೋನ ಪಾದನೇ ಓಯ್ತು.”

ಆಮೇಲೆ ದೊಡ್ಡ ಕತ್ತರಿಯನ್ನು ನನ್ನ ಕಡೆ ತಳ್ಳಿದರು. ಕೆಟ್ಟ ಬೆಲ್ಟನ್ನು ಕಂಡ ಜಾಗದಲ್ಲೇ ಅರ್ಧ ಮಾಡಿಬಿಡುವುದು ಅವರ ಕಸುಬಿನ ಪದ್ಧತಿ. ಹಾಗೇ ಬಿಟ್ಟರೆ ಯಾರೋ ಎತ್ತಿಕೊಂಡು ಹೋಗಿ ಭಾರ ಕಟ್ಟುತ್ತಾರೆ. “ನಿಮ್ ವಸ್ತು, ನೀವೇ ಕತ್ತರಿಸ್ಬೇಕು,” ಎಂದರು. ನಾನು “ಬೇಡ, ನಾನು ನೋಡ್ಕೋತೀನಿ” ಎಂದೆ. ಅಂದದ್ದು ಅಷ್ಟೇ ಎಂದು ಬಹಳ ಕಾಲ ನೆನಪಿಟ್ಟುಕೊಂಡಿದ್ದೆ. ಆ ದಿನದ ದಿನಚರಿಯಲ್ಲಿ ಕತ್ತರಿಯ ಮಾತೇ ಇಲ್ಲ. “ಪಟ್ಟಿ ಸರಿಯಿಲ್ಲ, ವಾಪಸ್ ಕೊಡಬೇಕು,” ಎಂದಿದೆ.

ಮಾರನೆಯ ದಿನ ಮತ್ತೆ ಕುಂದಲಹಳ್ಳಿ. ಅವನು ಉಗುರಿನಿಂದ ತಾನೂ ಕೆರೆದು ನೋಡಿದ. “ಆಸಿಡ್ ಎಲ್ಲಿಂದ ಬರುತ್ತೆ?” ಎಂದ. ಹಬ್ಬದ ದಿನ ಇದನ್ನು ಎಲ್ಲಿಟ್ಟಿದ್ದಿರಿ ಎಂದು ನಾನು ಅವನ ತಾಯಿಯನ್ನು ಕೇಳಿದೆ.

“ಅಲ್ಲೇ, ಬಾಲ್ಕನ್ಯಾಗ. ಯುಪಿಎಸ್ ಬ್ಯಾಟರಿ ಮ್ಯಾಲ. ಎಲ್ಲಾ ಸಾಲಾಗಿ ಇಟ್ಟು ಪೂಜಿ ಮಾಡಬೇಕಲ್ಲವ್ವ. ಅವತ್ತs ಬ್ಯಾಟರಿಯವ ಬಂದು ನೀರು ಹಾಕಿ ಹೋಗಿದ್ದ. ಯಾಕ, ಏನಾತು?”

ಅವನೂ ನಾನೂ ಮುಖ ನೋಡಿಕೊಂಡೆವು. ಪೂಜೆಯಾದ ಮೇಲೆ ಅವನು ಆ ರಿಗ್ ಕಟ್ಟಿಕೊಂಡು ಎರಡು ಸಲ ಹಾರಿದ್ದ. ಅದನ್ನು ಆ ಹೆಂಗಸಿಗೆ ಹೇಳುವುದು ಇಬ್ಬರಿಂದಲೂ ಆಗಲಿಲ್ಲ. ಕುಂಕುಮದ ಕಲೆ ಹೋಗುತ್ತಿಲ್ಲ, ನೋಡಲು ಚೆನ್ನಾಗಿಲ್ಲ, ಅದಕ್ಕೇ ವಾಪಸ್ ಎಂಬ ಸುಳ್ಳು ಆ ಕೋಣೆಯಲ್ಲಿ ಹುಟ್ಟಿತು. ಯಾರ ಬಾಯಿಂದ ಬಂತೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವನ ಬಾಯಿಂದ ಎಂದು ನೆನಪಿಟ್ಟುಕೊಳ್ಳುವುದು ನನಗೆ ಅನುಕೂಲ. ಆದರೆ ಆ ತಾಯಿ “ತಪ್ಪು ತಿಳೀಬ್ಯಾಡವ್ವ” ಎಂದು ಹಿಡಿದುಕೊಂಡದ್ದು ನನ್ನ ಕೈಯನ್ನು.

ಲಿಫ್ಟಿನವರೆಗೆ ಬಂದ ಅವನು, “ಪಟ್ಟಿ ಬದಲಾಯಿಸೋವರೆಗೂ ಯಾರಿಗೂ ಕೊಡಲ್ಲ, ಪ್ರಾಮಿಸ್,” ಎಂದ. ಸಂಜೆಯೊಳಗೆ ನನ್ನ ಹಣ ಪೂರ್ತಿ ಬಂತು.

ಮೂರು ವಾರದ ನಂತರ, ಒಂದು ಶುಕ್ರವಾರ, ನಮ್ಮ ಹಾರುವವರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಬಂತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಯುವಕ, ನನಗಿಂತಲೂ ಹೊಸಬ, ತನ್ನ ಮೊದಲ ರಿಗ್ ಕಟ್ಟಿಕೊಂಡು ನಿಂತಿದ್ದ. ಹೆಗಲ ಮೇಲಿನ ಗಾಳಿಪಟದ ಕಸೂತಿಯಿಂದ ಗುರುತು ಹತ್ತಿತು. ಎಲ್ಲೂ ಕುಂಕುಮವಿಲ್ಲ, ಹಳದಿಯೂ ಇಲ್ಲ. ಪಟ್ಟಿ ಬದಲಾಯಿಸಿಯೇ ಕೊಟ್ಟಿರಬೇಕು ಎಂದುಕೊಂಡೆ. ಆ ಕೆಲಸ ಮೂರು ವಾರದಲ್ಲಿ ಮುಗಿಯುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ಮಾರಿದವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಶನಿವಾರ ಏನು ಮಾಡಿದೆ? ದಿನಚರಿಯ ಪ್ರಕಾರ ಪರದೆಗಳನ್ನು ಒಗೆದು ಹಾಕಿದೆ.

ಭಾನುವಾರ ಅವರ ಮನೆಗೆ ಹೋದೆ. ಮಗ ಇರಲಿಲ್ಲ. ತಾಯಿ ಸಂತೋಷದಿಂದ ಬಾಗಿಲು ತೆಗೆದರು.

“ಬಾರವ್ವ, ಕುಂದ್ರು. ಕಲಿ ಹೋಗವಲ್ದು ಅಂದಿದ್ದೆಲ್ಲ? ನಾನs ಸಬಕಾರ ಹಚ್ಚಿ, ಬ್ರಶ್‌ಲೆ ತಿಕ್ಕಿ ತೊಳದೆ. ಹೊಸದರಂಗ ಆಗಿತ್ತು ನೋಡು. ಮೊನ್ನೆ ಒಬ್ಬಾಂವ ಬಂದು ಒಯ್ದ.”

ಕೆಳಗಿಳಿದು ಬಂದು ಮತ್ತೆ ಫೋನ್ ಮಾಡಿದಾಗ ಮಗ ಎತ್ತಿದ. “ತೊಳೆದ್ಮೇಲೆ ಎಳೆದು ನೋಡ್ದೆ ಕಣ್ರೀ, ಗಟ್ಟಿಯಾಗೇ ಇತ್ತು. ಎರಡು ಸಲ ನಾನೇ ಹಾರಿಲ್ವಾ? ಯಾರೋ ಪೀಣ್ಯದ ಟೈಲರ್ ಮಾತು ಕಟ್ಕೊಂಡು ನೀವು…” ನಾನು ಕತ್ತರಿಸಿದೆ, ಫೋನನ್ನು. ಅಲ್ಲೇ ಪಾರ್ಕಿಂಗಿನಲ್ಲಿ ನಿಂತು ಆ ಯುವಕನಿಗೆ ಕರೆ ಮಾಡಿದೆ, ಸ್ವಿಚ್ ಆಫ್. “ನಿಮ್ಮ ರಿಗ್‌ನ ಎಡತೊಡೆಯ ಪಟ್ಟಿಗೆ ಆಸಿಡ್ ಬಿದ್ದಿದೆ, ಹಾರಬೇಡಿ,” ಎಂದು ಮೆಸೇಜ್ ಕಳಿಸಿದೆ. ಒಂದೇ ಟಿಕ್ ಬಿತ್ತು.

ಅವನು ಬದುಕಿದ್ದಾನೆ. ಆ ಭಾನುವಾರ ಬೆಳಗ್ಗೆಯೇ ಥಾಯ್ಲೆಂಡಿನಲ್ಲಿ ಹಾರಿದ್ದ. ಪ್ಯಾರಾಚೂಟ್ ಬಿಚ್ಚಿಕೊಂಡ ಎಳೆತಕ್ಕೆ ಎಡಪಟ್ಟಿ ತುಂಡಾಗಿ, ಒಂದೇ ತೊಡೆಪಟ್ಟಿಯಲ್ಲಿ ಓರೆಯಾಗಿ ನೇತಾಡುತ್ತ ಇಳಿದು, ಸೊಂಟದ ಮೂಳೆ ಮುರಿದುಕೊಂಡ. ಬೊಮ್ಮಸಂದ್ರದ ಅವನ ಮನೆ ಇರುವುದು ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ತಿಂಗಳುಗಳಿಂದ ಕೆಳಗಿಳಿದಿಲ್ಲ. ನೋಡಲು ಹೋದಾಗ, ಪಕ್ಕದಲ್ಲಿ ವಾಕರ್ ಇಟ್ಟುಕೊಂಡು ಕುಳಿತಿದ್ದ.

“ನಿಮ್ಮ ಮೆಸೇಜ್ ಆಸ್ಪತ್ರೇಲಿ ನೋಡ್ದೆ ಅಕ್ಕಾ. ಗೊತ್ತಾದ ತಕ್ಷಣ ಹೇಳಿದ್ದು ನೀವೊಬ್ರೇ. ತುಂಬ ಥ್ಯಾಂಕ್ಸ್,” ಎಂದ.

ನಾನು ಅದನ್ನು ತಿದ್ದಲಿಲ್ಲ. ಅವನ ಅಮ್ಮ ಕೊಟ್ಟ ಕಾಫಿ ಕುಡಿದು ಬಂದೆ.

ಹೋದ ವಾರ ಪೀಣ್ಯಕ್ಕೆ ಹೋಗಿದ್ದೆ. ಆ ಕತ್ತರಿ ನಿಜವೋ, ನನ್ನನ್ನು ನಾನೇ ಶಿಕ್ಷಿಸಿಕೊಳ್ಳಲು ಆಮೇಲೆ ಕಟ್ಟಿಕೊಂಡದ್ದೋ ಎಂದು ಕೇಳಬೇಕಿತ್ತು. ಕಟ್ಟಿಕೊಂಡದ್ದೇ ಆಗಿರಲಿ ಎಂಬ ಆಸೆಯೂ ಇತ್ತು. ಅವರು ಮಿಷನ್ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

“ಕೊಟ್ಟಿದ್ನಲ್ಲ ಮೇಡಂ, ಇದೇ ಕತ್ರಿ. ‘ಕತ್ತರಿಸಿದ್ರೆ ವಾಪಸ್ ತಗೊಳ್ಳಲ್ಲ, ದುಡ್ಡು ಓಗುತ್ತೆ’ ಅಂದ್ರಿ. ನಂಗೆ ಚೆನ್ನಾಗಿ ಗ್ಯಾನ ಐತೆ.”

ಆ ಮಾತು ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ. ಆದರೆ ಅದು ನನ್ನದೇ ಮಾತು, ಕೇಳಿದ ಕೂಡಲೇ ಗೊತ್ತಾಯಿತು.

“ಆಮೇಲೆ ಏನಾಯ್ತು ಅದು?” ಎಂದು ಅವರು ಕೇಳಿದರು.

ಅವರಿಗೆ ಹೇಳಿದೆ, ಮೊದಲಿನಿಂದ. ಕೇಳಿ ಮುಗಿದ ಮೇಲೆ ಅವರು ಮಿಷನ್ ಶುರು ಮಾಡಿದರು. ಇನ್ನೂ ಹೇಳಬೇಕಾದವನು ಬೊಮ್ಮಸಂದ್ರದಲ್ಲಿದ್ದಾನೆ.