ಕೋಡಿ ಬಿದ್ದ ದಿನದ ತಮಟೆ

ನನ್ನ ತಮ್ಮ ದಾಸಪ್ಪನ್ನ ನೀವು ನೋಡೇ ಇರ್ತೀರ. ಮಹದೇವಪುರದ ಟೆಕ್ ಪಾರ್ಕ್ ಗೇಟಲ್ಲಿ ಕಾರಿನ ಡಿಕ್ಕಿ ತೆಗೆಸಿ ನೋಡ್ತಾನಲ್ಲ, ಅವನೇ. ಅದು ಹೊಟ್ಟೆಪಾಡು ಕಣ್ರೀ. ಊರಿಗೆ ಅವನು ತಮಟೆ ದಾಸ. ಬೆಂಕಿಗೆ ತಮಟೆ ಕಾಯಿಸಿ ಬಡಿಯೋಕೆ ನಿಂತ್ರೆ ಮಂಡಿನೋವಿನ ಮುದುಕೀರೂ ಕುಣಿಯೋರು. ನಾನೂ ಕುಣಿದಿದೀನಿ, ಸುಳ್ಯಾಕೆ ಹೇಳ್ಲಿ.

ಹೋದ ವರ್ಷದಿಂದ ತಮಟೆ ಮುಟ್ಟೋದೇ ಬಿಟ್ಟ. ನಾನು ಮಿಕ್ಸಿ ಹಾಕಿದ್ರೆ ಓಡಿಬಂದು ಸ್ವಿಚ್ ಆರಿಸ್ತಾನೆ. "ಸುಮ್ಕಿರಕ್ಕ, ಅದ್ರ ಅಡೀಲಿ ಯಾರೋ ಕೂಗ್ತಾವ್ರೆ" ಅಂತಾನೆ. "ನಿನ್ ತಲೆ! ಚಟ್ನಿ ಕಣೋ ಅದು" ಅಂತ ಬೈತೀನಿ. ಬೈದು, ನಾನೂ ಒಂದು ಗಳಿಗೆ ಕಿವಿ ಕೊಡ್ತೀನಿ.

ಮದ್ರಾಸಿಗೆ ಸೈಕ್ಲೋನ್ ಬಂದ್ರೆ ನಮ್ಗೆ ಜಡಿಮಳೆ, ಅದು ಮೊದಲಿಂದ ಇದ್ದದ್ದೇ. ಹೋದ ವರ್ಷದ್ದು ಮಾತ್ರ ಬಿಡ್ಲೇ ಇಲ್ಲ. ಬರೀ ನೊರೆ, ಗಬ್ಬುನಾತ ಆಗಿದ್ದ ನಮ್ಮೂರ ಕೆರೆ ತುಂಬಿ ಕೋಡಿ ಬಿತ್ತು. ಕೋಡಿ ಬಿದ್ರೆ ಗಂಗಮ್ಮನಿಗೆ ಪೂಜೆ ಮಾಡ್ಬೇಕು, ತಮಟೆ ಹೊಡೆಸ್ಬೇಕು. ನಮ್ಮಪ್ಪನ ಕಾಲದಿಂದ ನಡೆದದ್ದು. ಮುಂಚೆ ಕೋಡಿ ನೀರು ಗದ್ದೆಗೆ ಹೋಗ್ತಿತ್ತು. ಈಗ ಗದ್ದೆ ಎಲ್ಲಿ ಬಂತು? ಆ ಜಾಗದಲ್ಲಿ ಕಟ್ಟಡ ಕೆಲಸದೋರ ತಗಡಿನ ಶೆಡ್ಡುಗಳಿದ್ದವು. ದಿನಾ ನೋಡ್ತಿದ್ವಿ. ಆವತ್ತಿನ ಖುಷೀಲಿ ನೀರು ಅಲ್ಲಿಗೇ ನುಗ್ಗುತ್ತೆ ಅಂತ ಒಬ್ರಿಗೂ ಹೊಳೀಲಿಲ್ಲ, ನಮ್ಮ ಬಾಯಿಗೆ ಮಣ್ಣು ಹಾಕ.

ನಾವು ಏರಿ ಮೇಲೆ ಆರತಿ ಹಿಡ್ಕೊಂಡು ನಿಂತಿದ್ವಿ. ದಾಸ ಬಡೀತಿದ್ದ. ಕೆಳಗಿಂದ ಒಂದು ಕೂಗು ಬಂತಂತೆ. ಹುಡುಗ್ರು ಕೇಕೆ ಹಾಕ್ತಾವ್ರೆ ಅಂದ್ಕೊಂಡು ಇನ್ನೂ ಜೋರಾಗಿ ಬಡ್ದ. ಶೆಡ್ಡಿನೋರೆಲ್ಲ ಕೆಲಸಕ್ಕೆ ಹೋಗಿದ್ರು. ರಾಯಚೂರು ಕಡೆಯ ಮರೆಪ್ಪ ಒಬ್ಬ ಜ್ವರ ಅಂತ ಒಳಗೆ ಮಲಗಿದ್ದ. ನೀರು ಇಳಿದ್ಮೇಲೆ ತಗಡಿನ ಅಡೀಲಿ ಸಿಕ್ಕಿದ. ನಮ್ಮೂರ ಸ್ಮಶಾನದಲ್ಲೇ ಮಣ್ಣು ಮಾಡಿದ್ರು.

ಮರೆಪ್ಪನ ಹೆಂಡ್ತಿ ಶಿವಗಂಗಾ ಆಗ ಬಾಣಂತನಕ್ಕೆ ತವರಲ್ಲಿದ್ಳು. ಮೊನ್ನೆ ಕೂಸು ಎತ್ಕೊಂಡು ನಮ್ಮ ಬಾಗಿಲಿಗೆ ಬಂದು ದಾಸನ್ನ ಕೇಳಿದ್ಳು.

"ಯಣ್ಣಾ, ಆವತ್ತ ನೀ ಮ್ಯಾಲೆ ನಿಂತಿದ್ದೆಂತ. ಅಂವ ನಿದ್ದ್ಯಾಗ ಹೋದ ಅಂತಾರ. ಒದರ್ಲಿಲ್ಲ, ಹೌದಿಲ್ಲೋ?"

ಕೂಗು ಕೇಳಿಸ್ತು ಅಂತ ಆ ಹೆಣ್ಣುಮಗಳ ಕಾಲು ಹಿಡ್ಕೊಂಡು ಹೇಳ್ಬೇಕು ಅಂತ ವರ್ಷವೆಲ್ಲ ಒದ್ದಾಡಿದೋನು ಇವನು. ಹೇಳಿದ್ರೆ ಇವನು ಹಗುರಾಗ್ತಾನೆ, ಅವಳ ಗತಿ? ದಾಸ ಕೂಸಿನ ಮುಖ ನೋಡ್ದ.

"ಇಲ್ಲ ತಾಯಿ. ಒಂದು ಸದ್ದೂ ಇರ್ಲಿಲ್ಲ" ಅಂದ.

ಅವಳು ಅತ್ತಳು. ಅತ್ತು ಸಮಾಧಾನ ಆದ್ಮೇಲೆ ಅಂದ್ಳು: "ನಾಳೆ ವರ್ಷದ ಎಡಿ ಇಡ್ತೀನಿ. ಮಣ್ಣು ಮಾಡೋ ಮುಂದ ಬಾರಿಸೋರು ಇರ್ಲಿಲ್ಲಂತ. ನೀನ ಬಂದು ಬಾರ್ಸಣ್ಣ."

ಹೇಗೆ ಇಲ್ಲ ಅಂತಾನೆ? ಮಾರನೇ ದಿನ ಗೋರಿ ಮುಂದೆ ತಮಟೆ ಹಿಡಿದ. ಒಂದಿಷ್ಟು ಬಡಿದು, ಗಪ್ಪನೆ ಕೈ ನಿಲ್ಲಿಸಿ, ತಲೆ ಓರೆ ಮಾಡಿ ಕಿವಿ ಕೊಟ್ಟ. ಮತ್ತೆ ಬಡ್ದ, ಮತ್ತೆ ನಿಲ್ಲಿಸ್ದ. ಶಿವಗಂಗಾ ನನ್ನ ಹತ್ರ ಬಗ್ಗಿ ಮೆಲ್ಲಗೆ, "ಸತ್ತೋರಿಗೆ ನಿಮ್ಮೂರಾಗ ಹಿಂಗ ಬಾರಸ್ತಾರೇನಕ್ಕಾ?" ಅಂದ್ಳು.

"ಊಂ ಕಣವ್ವ" ಅಂದೆ, "ನಮ್ಮ ಕಡೆ ಇಂಗೇಯ."