ಹೊಲಗೇರಿನ ಎಲೆ, ಕಿನ್ನರದ ಹುಡುಗಿ

ಬೆಳಿಗ್ಗೆ ಮಂಜಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಇರಲಿಲ್ಲ. ಕಾರವಾರದ ಕಡಲತೀರದ ಉದ್ಯಾನದಲ್ಲಿ ಏಳು ಗಂಟೆಗೇ ಬೆವರುತ್ತಿದ್ದೆವು. ಪರಿಸರ ನಡಿಗೆಗೆ ಮೂವತ್ತು ಜನ ಹೋಗಿದ್ದೆವೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಫೋಟೋದಲ್ಲಿರುವವರು ಹನ್ನೊಂದೇ ಜನ, ಎಲ್ಲರೂ ಕಚೇರಿ ಗುಮಾಸ್ತರು, ಎಲ್ಲರ ತಲೆಯ ಮೇಲೂ ಹೊಸ ಟೋಪಿ.

ಮುಂದಾಳು ನಿವೃತ್ತ ಸಸ್ಯಶಾಸ್ತ್ರ ಪ್ರಾಧ್ಯಾಪಕರು. ಅವರದೊಂದು ಪದ್ಧತಿ: ಎಲೆ ಕಿತ್ತು, ಹೊಸಕಿ, ಮೂಸಿ, ಕೆನ್ನೆಗೆ ಸವರಿಕೊಳ್ಳಬೇಕು. "ಪುಸ್ತಕ ಬೇಡ, ಚರ್ಮಕ್ಕೆ ಪರಿಚಯವಾಗಲಿ." ಉದ್ಯಾನದಲ್ಲಿ ಲಂಟಾನವನ್ನೂ ಬಿಡಲಿಲ್ಲ. ನಾನು ಎಲ್ಲರಿಗಿಂತ ಹೆಚ್ಚು ಸವರಿಕೊಂಡೆ. ಮರುದಿನ ಕಿನ್ನರವೆಂಬ ಹಳ್ಳಿಗೆ ಹೆಣ್ಣು ನೋಡಲು ಹೋಗುವುದಿತ್ತು. ಆಗಲೇ ಮೂರು ಮನೆಯವರಿಂದ ಬೇಡವೆನಿಸಿಕೊಂಡವನಿಗೆ, ಮುಖಕ್ಕೆ ಒಂದಿಷ್ಟು ಹೊಳಪು ಬಂದೀತೆಂಬ ಆಸೆ.

ಟೆಂಪೊದಲ್ಲಿ ಅಂಕೋಲಾ ದಾಟಿ ಹಿಲ್ಲೂರಿನ ಕಾಡು ಸೇರಿದೆವು. ಮಾವಿನೆಲೆಯಂಥದೊಂದು ಎಲೆ ಕಂಡಿತು. "ಕಾಡುಮಾವು," ಎಂದರು ಪ್ರಾಧ್ಯಾಪಕರು. ಅವರು ಹೊಸಕಿದರು, ನಾನು ಹೊಸಕಿ, ಕೆನ್ನೆಗೆ ಸವರಿಕೊಂಡೂಬಿಟ್ಟೆ. ಒಣಗಿದೆಲೆಯ ದರಕು ಗುಡಿಸುತ್ತಿದ್ದ ಊರ ಹೆಂಗಸೊಬ್ಬಳು ಕೂಗಿದಳು.

"ಎಂತಾ ಮಾಡ್ತ್ರಿ ಮಾರಾಯ್ರೆ! ಹೊಲಗೇರು ಅದು, ಸೊನೆ ತಾಗಿದ್ರೆ ಮೈ ಸುಟ್ಟು ಊದ್ತದೆ! ನಮ್ಮನೆ ದನವೂ ಅದ್ರ ಬುಡಕ್ಕೆ ಹೋಗೂದಿಲ್ಲ."

ಕೆನ್ನೆ ಆಗಲೇ ಉರಿಯುತ್ತಿತ್ತು. "ಈಗೇನು ಮಾಡೂದು?" ಎಂದೆ.

"ಅಗಾ, ಅಲ್ಲಿ ತಾರೆ ಮರ. ಕೈ ಮುಗ್ದು ಸುತ್ತು ಹಾಕಿ, ಉರಿ ಇಳೀತದೆ. ಹೊಲಗೇರು ಅದೊಂದ್ರ ಮಾತು ಕೇಳ್ತದೆ."

"ಮೂಢನಂಬಿಕೆ!" ಎಂದು ಪ್ರಾಧ್ಯಾಪಕರು ನಕ್ಕರು. ಕಚೇರಿಯಲ್ಲಿ ವೈಚಾರಿಕತೆಯ ಭಾಷಣ ಬಿಗಿಯುತ್ತಿದ್ದವನು ನಾನೂ. ಆದರೂ ಸುತ್ತಿದೆ. ಮೂರೋ ಐದೋ, ಒಂದೊಂದು ಸಲ ಒಂದೊಂದು ಹೇಳುತ್ತೇನೆ. ತಿರುಗಿ ನೋಡಿದರೆ ಬೆನ್ನ ಹಿಂದೆಯೇ ಪ್ರಾಧ್ಯಾಪಕರು. ಅವರ ಅಂಗೈಯೂ ಕೆಂಪಾಗಿತ್ತು.

"ಕಾಂಡದ ಸುತ್ತಳತೆ ನೋಡ್ತಾ ಇದ್ದೇನೆ," ಎಂದರು.

"ನೋಡಿ, ನೋಡಿ," ಎಂದಳು ಹೆಂಗಸು. "ಚಪ್ಪಲಿ ಬಿಟ್ಟು ನೋಡಿ."

ಮರುದಿನ ಎಡಗಣ್ಣು ಮುಚ್ಚಿಹೋಗಿತ್ತು. ಕಿನ್ನರಕ್ಕೆ ಫೋನ್ ಮಾಡಿ, ಹದಿನೈದು ದಿನ ಬಿಟ್ಟು ಬರುತ್ತೇನೆಂದೆ, ಕಾರಣವನ್ನೂ ಹೇಳಿದೆ. ಹುಡುಗಿಯ ತಂದೆ ಗದ್ದೆ ತೋಟ ಮಾಡಿಕೊಂಡಿದ್ದವರು.

"ಊದಿದ್ದು ಇಳೀತದೆ, ಅದ್ಕೇನಿಲ್ಲ," ಎಂದರು. "ಆದ್ರೆ ತಮಾ, ಮಾವು ಯಾವ್ದು ಹೊಲಗೇರು ಯಾವ್ದು ಗೊತ್ತಿಲ್ದವ್ರಿಗೆ ಹುಡುಗಿ ಕೊಡೂದು ಹೆಂಗೆ? ಬರೂದು ಬ್ಯಾಡ."