ಟವೆಲ್ ಕೆಳಗೆ ಹತ್ತು ಲಾರಿ ಬೀಜ

ಆಗ ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ವಿದೇಶಾಂಗ ಇಲಾಖೆಯಲ್ಲಿ ಜಂಟಿ ಕಾರ್ಯದರ್ಶಿಯಾಗಿದ್ದೆ. ಬ್ಯಾಡಗಿಯವನು ಎಂಬ ಕಾರಣಕ್ಕೇ ನನ್ನನ್ನು ರಾಣೆಬೆನ್ನೂರಿಗೆ ಕಳಿಸಿದರು.

ನಾನು ಹಿಂದೆ ಕೆಲಸ ಮಾಡಿದ್ದ ಪುಟ್ಟ ದೇಶವೊಂದು, ಹೆಸರು ಬೇಡ, ದಿವಾಳಿ ಎದ್ದಿತ್ತು. ಸರ್ಕಾರ ಒಂದೇ, ಬಣ ಎರಡು. ಬಂದರು ಒಂದರ ಕೈಯಲ್ಲಿ, ಹೊಲಗಳಿಗೆ ಹೋಗುವ ರಸ್ತೆ ಇನ್ನೊಂದರ ಕೈಯಲ್ಲಿ. ಬಿತ್ತಲು ಬೀಜವಿರಲಿಲ್ಲ. ರಾಣೆಬೆನ್ನೂರಿನಲ್ಲಿ ಹತ್ತು ಲಾರಿ ಬಿತ್ತನೆ ಬೀಜ ಖರೀದಿಸಿ ಪುಕ್ಕಟೆ ಕೊಡಲು ನಮ್ಮ ಸರ್ಕಾರ ಒಪ್ಪಿತ್ತು. ಆದರೆ ಎರಡೂ ಬಣ ಸಹಿ ಹಾಕಬೇಕು. ಇಲ್ಲದಿದ್ದರೆ ಸಹಿ ಹಾಕದವರು ದಾರಿಯಲ್ಲೇ ತಡೆಯುತ್ತಾರೆ. ಅಲ್ಲಿ ಮಳೆಗಾಲ ಹತ್ತಿರ ಬಂದಿತ್ತು. ಬಿತ್ತನೆ ತಪ್ಪಿದರೆ ಜನ ಉಪವಾಸ ಬೀಳುತ್ತಿದ್ದರು.

ಬಣಕ್ಕೊಬ್ಬ ಮಂತ್ರಿ ಬಂದ, ಬೆನ್ನಿಗೆ ಪರಿವಾರ. “ನಮಗೆ ಆರು ಲಾರಿ” ಎಂದ ಒಬ್ಬ. “ನಮಗೂ ಆರೇ” ಎಂದ ಇನ್ನೊಬ್ಬ. ಎರಡು ದಿನ ಅದೇ ರಾಗ. ಇಳಿದು ಮಾತಾಡಿದರೆ ತಮ್ಮವರೇ ಊರಿಗೆ ಫೋನು ಹಚ್ಚಿ ‘ನಮ್ಮನ್ನು ಮಾರಿದ’ ಎನ್ನುತ್ತಾರೆಂಬ ಭಯ ಇಬ್ಬರಿಗೂ. ನನಗೋ ಮೈಯೆಲ್ಲ ಉರಿ. ಸಹಿ ಹಾಕಿಸದೆ ಇವರನ್ನು ವಿಮಾನ ಹತ್ತಿಸುವುದಿಲ್ಲ ಎಂದು ಹಟ ಹಿಡಿದೆ.

ಮರುದಿನ ಬೇರೇನೂ ತೋಚದೆ ಇಬ್ಬರನ್ನೂ ಪರಿವಾರ ಸಮೇತ ಹಾವೇರಿಯ ದನದ ಸಂತೆಗೆ ಕರೆದೊಯ್ದೆ. ಅಲ್ಲಿ ದಲಾಲಿ ಮಾಡುವ ಹುಸೇನ್‌ಸಾಬ್ ನನ್ನ ಹೈಸ್ಕೂಲ್ ಗೆಳೆಯ. ಟವೆಲ್ ಕೆಳಗೆ ಗಿರಾಕಿಯ ಬೆರಳು ಹಿಡಿದು, ರೇಟು ಬಾಯಿಬಿಟ್ಟು ಹೇಳದೆಯೇ ಜೋಡೆತ್ತಿನ ವ್ಯಾಪಾರ ಮುಗಿಸಿದ. ಆಮೇಲೆ ನನ್ನತ್ತ ತಿರುಗಿದ.

“ಏನಲೇ, ನಿನ್ನ ದೊಡ್ಡ ಮಂದಿ ಮಾರಿ ಗಂಟ್ ಹಾಕ್ಕೊಂಡಾರಲ್ಲ?”

“ಇಬ್ರೂ ಇಳಿಯವಲ್ರಲೇ.”

“ಮಂದಿ ಮುಂದ ಬಾಯಿಲೆ ಕೇಳಿದ್ರ ಯಾವ ಇಳೀತಾನ? ಬೆರಳಿಲೆ ಕೇಳು.” ಟವೆಲ್ ಕೊಡವಿ ಕೊಟ್ಟ. “ಆದ್ರ ಒಳಗಿಂದು ಹೊರಗ ಬರಬಾರ್ದು, ನೋಡ್ ಮತ್ತ.”

ಬೇವಿನ ಮರದಡಿ ಕೂತೆವು. ಪರಿವಾರದವರು ತಮಾಷೆ ಎಂದುಕೊಂಡು ಫೋಟೊ ತೆಗೆಯತೊಡಗಿದರು. ಸಂತೆಯ ನಿಯಮವನ್ನು ಮಂತ್ರಿಗಳಿಗಷ್ಟೇ ಕೇಳುವಂತೆ ಅವರದೇ ಭಾಷೆಯಲ್ಲಿ ಹೇಳಿದೆ: ಎಷ್ಟು ಲಾರಿ ಸಾಕೋ ನನ್ನ ಅಷ್ಟು ಬೆರಳು ಹಿಡಿಯಿರಿ. ಒಬ್ಬೊಬ್ಬರಾಗಿ ಟವೆಲ್ ಕೆಳಗೆ ಕೈ ತಂದರು. ಒಬ್ಬ ಐದೂ ಬೆರಳು ಹಿಡಿದ. ಇನ್ನೊಬ್ಬ ಹಿಡಿದದ್ದು ನಾಲ್ಕೇ. ಮಿಕ್ಕ ಒಂದು ಲಾರಿಯನ್ನೂ ಆತನ ಲೆಕ್ಕಕ್ಕೇ ಸೇರಿಸಿದೆ.

“ಐದು, ಐದು” ಎಂದೆ ಗಟ್ಟಿಯಾಗಿ. ಇಬ್ಬರೂ ತಲೆಯಾಡಿಸಿದರು. ಅಂದೇ ಸಹಿ ಬಿತ್ತು. ಮಳೆಗೆ ಮೊದಲೇ ಬೀಜ ಹೊಲ ಸೇರಿತು.

ಮಣಿಯುವ ಮನಸ್ಸು ಬಹಳ ಜನಕ್ಕಿರುತ್ತದೆ, ಮಣಿದದ್ದು ಕಾಣಬಾರದು ಅಷ್ಟೆ. ಆ ಮರೆ ಒದಗಿಸುವುದೇ ರಾಯಭಾರಿಯ ಕೆಲಸವೆಂದು ನಾನು ಕಲಿತದ್ದು ದೆಹಲಿಯಲ್ಲಲ್ಲ, ಸಗಣಿ ವಾಸನೆಯ ನಡುವೆ.

ಈಗಲೂ ಸಿಕ್ಕಾಗಲೆಲ್ಲ ಹುಸೇನ್‌ಸಾಬ್ ಕೆಣಕುತ್ತಾನೆ: “ಖರೇ ಹೇಳಲೇ, ಇಳದಾಂವ ಯಾರು?”

“ನಿನ್ನ ಟವೆಲ್ ಕೇಳು” ಎನ್ನುತ್ತೇನೆ.